ಕೆಬುಮೆನ್‌ಗೆ ಒಂದೇ ಸೀಟು

ಬೆಳಗ್ಗೆ ತೋಹಿರ್ ಕೋಳಿಸಾರು ಸೋತೊ ಮಾರುವ ಗಾಡಿಯ ಮುಂದೆ ಫೋನನ್ನು ಎತ್ತಿ ತೋರಿಸಬೇಕೆಂಬ ಆಸೆ ಸುತಿಕ್ನೊನಿಗೆ ಬಾರದೆ ಇದ್ದಿದ್ದರೆ, ಆ ಶನಿವಾರ ಸಂಜೆಯವರೆಗಾದರೂ ನೆಮ್ಮದಿಯಾಗಿ ಕಳೆಯುತ್ತಿತ್ತು.

"ನೋಡಿ, ರೈಲು ಟಿಕೆಟ್. ಯಾರ ಸಹಾಯನೂ ಇಲ್ದೆ ನಾನೇ ತಗೊಂಡಿದ್ದು. ಈ ಹೆಬ್ಬೆರಳಲ್ಲಿ!" ಎಂದು ಸಾರಿನ ಬಟ್ಟಲು ಪಕ್ಕಕ್ಕಿಟ್ಟ.

ಸುತಿಕ್ನೊ ಜಕಾರ್ತಾದ ಒಂದು ಮಾರುಕಟ್ಟೆಯ ಬಾಗಿಲಲ್ಲಿ ಕೂತು ಬೀಗದ ಕೈ ಮಾಡಿಕೊಡುವವನು. ಎಂಥ ಜಂಗು ಹಿಡಿದ ಬೀಗವೂ ಅವನ ಕೈಯಲ್ಲಿ ಬಾಯಿ ಬಿಡುತ್ತಿತ್ತು. ಫೋನ್ ಮಾತ್ರ ಈವರೆಗೆ ಬಿಟ್ಟಿರಲಿಲ್ಲ. ಹಾಗಾಗಿ ಈ ಟಿಕೆಟ್ಟಿನ ಮೇಲೆ ಅವನಿಗೆ ಹೆತ್ತ ಮಗುವಿನ ಮೇಲಿರುವಂಥ ಮಮತೆ.

ಹಿರಿಯರನ್ನು ಮರ್ಯಾದೆಗೆ 'ಪಾ', 'ಬು' ಎಂದೂ ಓರಗೆಯವರನ್ನು 'ಮಾಸ್' ಎಂದೂ ಕರೆಯುವ ಆ ಗಲ್ಲಿಯ ಮುಖಂಡ ಪಾ ದಾರ್ಸೊನೊ ಕನ್ನಡಕ ಏರಿಸಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಓದಿದರು. ಓದಿ ಮುಗಿದ ಮೇಲೂ ಮಾತಾಡಲಿಲ್ಲ. ದಾರ್ಸೊನೊ ಮಾತಾಡುತ್ತಿಲ್ಲವೆಂದರೆ ಗಲ್ಲಿಯಲ್ಲಿ ಯಾರೋ ತೀರಿಕೊಂಡಿದ್ದಾರೆಂದೇ ಅರ್ಥ. ತೋಹಿರ್ ಸೌಟು ಅಲ್ಲಾಡಿಸುವುದನ್ನು ನಿಲ್ಲಿಸಿದ.

"ಏನಾಯ್ತು ಪಾ?"

"ಟಿಕೆಟ್ ಚೆನ್ನಾಗಿದೆ. ಮದುವೆ ಯಾವತ್ತು ಅಂದ್ರಿ?"

"ನಾಳೆ. ಭಾನುವಾರ ಪಾಹಿಂಗ್. ಇವತ್ತು ಶನಿವಾರ ಲೆಗಿ, ಸಂಜೆ ಹೊರಡ್ತೀನಿ."

"ಶನಿವಾರ ಲೆಗಿಗೇ ತಗೊಂಡಿದೀರ. ಆದ್ರೆ ಮುಂದಿನ ತಿಂಗಳ ಶನಿವಾರ ಲೆಗಿಗೆ."

ಜಾವಾದವರಿಗೆ ಏಳು ದಿನದ ವಾರವೊಂದೇ ಸಾಲದು. ಅದರ ಪಕ್ಕದಲ್ಲೇ ಐದು ದಿನದ ಹಳೆಯ ಸಂತೆವಾರವೂ ಓಡುತ್ತಿರುತ್ತದೆ. ಎರಡರ ಜೋಡಿ ನೋಡಿಯೇ ಹಿರಿಯರು ಮದುವೆ ಗೊತ್ತುಮಾಡುವುದು, ಮನಸ್ಸಿನಲ್ಲಿಟ್ಟುಕೊಳ್ಳುವುದು. ಒಮ್ಮೆ ಕಳೆದ ಜೋಡಿ ಮತ್ತೆ ಬರಲು ಐದು ವಾರ ಬೇಕು. ಫೋನಿನಲ್ಲಿ ಸಂತೆವಾರ ಕಾಣದ್ದರಿಂದ ಸುತಿಕ್ನೊ ಗೋಡೆಯ ಕ್ಯಾಲೆಂಡರಿನಲ್ಲಿ ಶನಿವಾರ ಲೆಗಿ ಹುಡುಕಿದ್ದ. ಸಿಕ್ಕಿತ್ತು. ಅದರ ತಾರೀಖನ್ನು ಒತ್ತಿದ್ದ. ಕ್ಯಾಲೆಂಡರಿನ ಹಾಳೆಯನ್ನು ಯಾರೋ ಒಂದು ತಿಂಗಳು ಮುಂದಕ್ಕೆ ಮಗುಚಿಟ್ಟಿದ್ದರು, ಅಷ್ಟೇ.

ಸುತಿಕ್ನೊ ಬಟ್ಟಲಿನ ಸಾರನ್ನೇ ನೋಡುತ್ತ ಕೂತ. ಅದರಲ್ಲಿ ತೇಲುತ್ತಿದ್ದ ಕೋಳಿ ತುಂಡೂ ಅವನನ್ನೇ ನೋಡುತ್ತಿದ್ದಂತಿತ್ತು.

ನಾಳೆಯ ಮದುವೆ ಸತ್ತುಹೋದ ಅಣ್ಣನ ಮಗಳು ಅಜೆಂಗಳದು. ಅಪ್ಪನಿದ್ದಿದ್ದರೆ ಅಪ್ಪ ಮದುಮಗನ ಕೈ ಹಿಡಿದು ಮಗಳನ್ನು ಒಪ್ಪಿಸುತ್ತಿದ್ದ. ಅಪ್ಪನಿಲ್ಲದ್ದರಿಂದ ಆ ಕೈ ಚಿಕ್ಕಪ್ಪನದಾಗಬೇಕು. ಚಿಕ್ಕಪ್ಪ ಅಂತ ಇದ್ದವನು ಇವನೊಬ್ಬನೇ. ಉಳಿದವರು ತಡವಾಗಿ ಬಂದರೆ ಊಟ ತಣ್ಣಗಾಗುತ್ತದೆ. ಇವನು ತಡವಾದರೆ ಮದುವೆಯೇ ಆಗುವುದಿಲ್ಲ.

"ಬಸ್ಸಲ್ಲಿ ಹೋಗ್ಬಹುದಲ್ವಾ?" ಎಂದ ತೋಹಿರ್.

"ಮೂರು ದಿನ ರಜಾ ಬಿದ್ದಿದೆ. ನಿನ್ನೆ ಹೊರಟ ಬಸ್ಸು ಇನ್ನೂ ಹೆದ್ದಾರೀಲೇ ನಿಂತಿದೆಯಂತೆ," ಎಂದರು ದಾರ್ಸೊನೊ.

ಅಷ್ಟರಲ್ಲಿ ಅವರ ಹೆಂಡತಿ ಬು ರುಸ್ಮಿನಿ ಸೊಪ್ಪಿನ ಚೀಲದೊಂದಿಗೆ ಬಂದರು. ಗಲ್ಲಿಯ ಸುದ್ದಿಗಳೆಲ್ಲ ಹುಟ್ಟುವ ಮೊದಲೇ ಅವರಿಗೆ ತಿಳಿಯುತ್ತವೆ. "ಕೊಡಿ ಮಾಸ್ ತಿಕ್ನೊ, ಫೋನ್ ಇತ್ಲಾಗೆ ಕೊಡಿ. ಹೋದ ವರ್ಷ ಟಿಕೆಟ್ ನಾನೇ ತೆಗ್ದುಕೊಟ್ಟಿರ್ಲಿಲ್ವಾ?"

ತೆಗೆದುಕೊಟ್ಟಿದ್ದರು. ಅಂದಿನಿಂದ ಪ್ರತಿ ತಿಂಗಳ ಚೀಟಿ ಕೂಟದಲ್ಲೂ, ನಲ್ಲಿಯ ಹತ್ತಿರವೂ, ಒಮ್ಮೆ ಸಾವಿನ ಮನೆಯಲ್ಲೂ, "ನಾನಿಲ್ದಿದ್ರೆ ಈ ಮನುಷ್ಯ ಊರೇ ನೋಡ್ತಿರ್ಲಿಲ್ಲ" ಎಂದಿದ್ದರು.

"ಬೇಡ ಬು," ಎಂದು ಸುತಿಕ್ನೊ ಎದ್ದು ನಿಂತ. "ಕೆಡಿಸಿದ್ದು ಈ ಬೆರಳು. ಇದೇ ಸರಿಮಾಡ್ಲಿ. ಸಂಜೆಯೊಳಗೆ ಸೀಟು ಹಿಡಿದೇ ಹಿಡೀತೀನಿ. ಯಾರೂ ಮುಟ್ಬೇಡಿ."

"ಹಾಗಾದ್ರೆ ಮೊದ್ಲು ಆ ಬೆರಳು ತೊಳ್ಕೊಳಿ. ಎಣ್ಣೆ ಇಳೀತಿದೆ," ಎಂದರು ಬು ರುಸ್ಮಿನಿ.

ಅವನು ತೊಳೆದುಕೊಳ್ಳಲಿಲ್ಲ. ಆ್ಯಪ್ ತೆರೆದ. ಅಂದು ಅವನ ಊರು ಕೆಬುಮೆನ್ ಕಡೆಗೆ ಹೋಗುವ ಅಷ್ಟೂ ರೈಲುಗಳ ಎದುರು 'ಭರ್ತಿ' ಎಂದಿತ್ತು. ಆದರೆ ಟಿಕೆಟ್ ರದ್ದು ಮಾಡುವವರು ಇದ್ದೇ ಇರುತ್ತಾರೆ. ಎಲ್ಲೋ ಒಬ್ಬನಿಗೆ ಜ್ವರ ಬರುತ್ತದೆ, ಇನ್ನೆಲ್ಲೋ ಒಬ್ಬಳು ಗಂಡನೊಡನೆ ಜಗಳವಾಡಿ ಚೀಲ ಬಿಚ್ಚುತ್ತಾಳೆ. ಅಂಥ ಸೀಟು ಪರದೆಯ ಮೇಲೆ ಕಣ್ಣು ಮಿಟುಕಿಸಿದಷ್ಟು ಹೊತ್ತು ಕಾಣಿಸಿ ಮಾಯವಾಗುತ್ತದೆ. ಪರದೆಯನ್ನು ಕೆಳಕ್ಕೆ ಎಳೆದು ಬಿಟ್ಟು, ಎಳೆದು ಬಿಟ್ಟು ಕಾಯಬೇಕು, ಬಾವಿಯಲ್ಲಿ ಕೊಡ ಮುಳುಗಿಸಿದ ಹಾಗೆ.

ಅವನು ಎಳೆದು ಬಿಟ್ಟ. ಮೂರನೇ ಎಳೆತಕ್ಕೇ 'ಒಂದು ಸೀಟು' ಎಂದು ಬಂತು. ಒತ್ತಿದ. ಎಣ್ಣೆಯ ಬೆರಳು ಗಾಜಿನ ಮೇಲೆ ಕೆಸರಿನ ಎಮ್ಮೆಯಂತೆ ಜಾರಿ, ಪಕ್ಕದ ಬಾಳೆಹಣ್ಣು ಚಿಪ್ಸ್ ಜಾಹೀರಾತಿನ ಮೇಲೆ ಬಿತ್ತು. ಜಾಹೀರಾತು ಮುಚ್ಚುವಷ್ಟರಲ್ಲಿ ಸೀಟಿಲ್ಲ.

"ಹೇಳ್ದೆ," ಎಂದರು ಬು ರುಸ್ಮಿನಿ.

ಎರಡನೇ ಸೀಟು ಒಂದು ಗಂಟೆಯ ನಂತರ, ಅವನ ಮನೆಯ ಜಗುಲಿಯಲ್ಲಿ ಕಾಣಿಸಿತು. ಆ ಹೊತ್ತಿಗೆ ಬೆರಳು ಸೋಪು ಹಾಕಿ ತೊಳೆದು ಒಣಗಿತ್ತು. ಸೀಟು ಒತ್ತಿದ, ಹಿಡಿಯಿತು. ಹೆಸರು ತುಂಬಿದ. ಆಮೇಲೆ ಆ್ಯಪ್‌ಗೆ ಅನುಮಾನ ಬಂತು: ನೀನು ಮನುಷ್ಯನೋ ಯಂತ್ರವೋ, ಈ ಚಿತ್ರಗಳಲ್ಲಿ ಸಿಗ್ನಲ್ ದೀಪ ಇರುವುದನ್ನೆಲ್ಲ ತೋರಿಸು ಎಂದಿತು.

"ಇದು, ಇದು, ಇದು," ಎಂದ ತೋಹಿರ್, ಹೆಗಲ ಮೇಲಿಂದ ಬಗ್ಗಿ. ಗಾಡಿಯನ್ನು ಹೆಂಡತಿಗೆ ಒಪ್ಪಿಸಿ ಬಂದಿದ್ದ.

"ಅದು ಕಂಬ. ಕಂಬ ಸೇರಲ್ಲ," ಎಂದರು ದಾರ್ಸೊನೊ.

"ಕಂಬ ಇಲ್ದೆ ದೀಪ ಎಲ್ಲಿ ನಿಲ್ಲುತ್ತೆ ಪಾ? ನೀವು ನೆಲದ ಮೇಲಿಟ್ಟಿರೋ ಸಿಗ್ನಲ್ ನೋಡಿದೀರಾ?"

"ತೋಹಿರ್, ನಾನು ಹನ್ನೊಂದು ವರ್ಷದಿಂದ ಈ ಗಲ್ಲಿಯ ಮುಖಂಡ. ಕಂಬ ಯಾವ್ದು ದೀಪ ಯಾವ್ದು ನಂಗೊತ್ತು."

ಸುತಿಕ್ನೊ ಒಮ್ಮೆ ಕಂಬ ಸೇರಿಸಿದ, ಒಮ್ಮೆ ಬಿಟ್ಟ. ಎರಡು ಸಲವೂ ಆ್ಯಪ್ ಅವನನ್ನು ಮನುಷ್ಯನೆಂದು ಒಪ್ಪಲಿಲ್ಲ. ಸಮಯ ಮುಗಿಯಿತು.

ಪಾ ದಾರ್ಸೊನೊಗೆ ಇದು ವೈಯಕ್ತಿಕ ಸೋಲಿನಂತೆ ಕಂಡಿತು. ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಗಲ್ಲಿಯ ಮೂಲೆಯ ಪ್ರಾರ್ಥನಾ ಮಂದಿರದ ಧ್ವನಿವರ್ಧಕ ಕೆಮ್ಮಿತು. "ಗಲ್ಲಿಯ ನಿವಾಸಿಗಳ ಗಮನಕ್ಕೆ. ಮಾಸ್ ಸುತಿಕ್ನೊ ಅವರು ತಪ್ಪು ತಿಂಗಳಿಗೆ ಟಿಕೆಟ್ ತಗೊಂಡಿದಾರೆ. ಈಗ ಸರಿಯಾದ ಟಿಕೆಟ್ ಹಿಡೀತಿದಾರೆ. ದಯವಿಟ್ಟು ಎಲ್ರೂ ಇಂಟರ್‌ನೆಟ್ ಆಫ್ ಮಾಡಿ ಅವರಿಗೆ ದಾರಿ ಬಿಡಿ. ಇನ್ನೊಂದ್ಸಲ ಹೇಳ್ತೀನಿ, ತಪ್ಪು ತಿಂಗಳಿಗೆ—"

ಅಲ್ಲಿಯವರೆಗೆ ನಾಲ್ವರಿಗೆ ಗೊತ್ತಿದ್ದದ್ದು ನಲವತ್ತು ಮನೆಗೆ ಗೊತ್ತಾಯಿತು. ಇಂಟರ್‌ನೆಟ್ ಆಫ್ ಮಾಡಿದವರಿಗೆ ಬೇರೆ ಕೆಲಸವಿಲ್ಲದೆ ಎಲ್ಲರೂ ಸುತಿಕ್ನೊನ ಜಗುಲಿಗೆ ಬಂದರು. ಒಬ್ಬ ಫೋನನ್ನು ಮಾಡಿನ ಮೇಲಿಡಲು ಹೇಳಿದ. ಇನ್ನೊಬ್ಬಳು ಕೆಬುಮೆನ್ ಬದಲು ಸುರಬಾಯಾಗೆ ಹೋಗಿ ಹಿಂದಕ್ಕೆ ಬರಲು ಹೇಳಿದಳು. ಅಂಥ ಗದ್ದಲದ ನಡುವೆ ಮೂರನೇ ಸೀಟು ಬಂತು. ಸುತಿಕ್ನೊ ಒತ್ತಿದ. ಹಿಡಿಯಿತು. ಹೆಸರು ಹೋಯಿತು. ಈ ಸಲ ಆ್ಯಪ್‌ಗೆ ಅನುಮಾನವೂ ಬರಲಿಲ್ಲ. ಹಣ ಕಟ್ಟುವ ಗುಂಡಿಯ ಮೇಲೆ ಬೆರಳಿಡಬೇಕು, ಅಷ್ಟರಲ್ಲಿ ಪರದೆಯ ತುಂಬ ಹೆಂಡತಿ ಯಾತ್ಮಿಯ ಮುಖ ಎದ್ದಿತು. ಅವಳ ಕರೆ. ಬೆರಳು ಅವಳ ಮೂಗಿನ ಮೇಲೆ ಬಿತ್ತು.

"ಎಲ್ಲಿದೀರಾ? ಇಲ್ಲಿ ಚಪ್ಪರ ಎದ್ದಾಯ್ತು. ಮದುಮಗ ಮಧ್ಯಾಹ್ನದೊಳಗೆ ಬಂದ್ಬಿಡ್ತಾನೆ. ನೀವು ಹೊರಟ್ರಾ ಅಂತ ಅತ್ತಿಗೆ ಕೇಳ್ತಿದಾರೆ." ಯಾತ್ಮಿ ಮದುವೆಮನೆಯ ಅಡಿಗೆಗೆ ಕೈಜೋಡಿಸಲು ಒಂದು ವಾರ ಮುಂಚೆಯೇ ಊರಿಗೆ ಹೋಗಿದ್ದಳು.

"ಯಾತ್ಮೀ!" ಸುತಿಕ್ನೊನ ಧ್ವನಿ ಧ್ವನಿವರ್ಧಕವನ್ನೂ ಮೀರಿತು. "ಫೋನ್ ಮಾಡ್ಬೇಡ! ನಾನಾಗೇ ಮಾಡೋವರೆಗೂ ಯಾರೂ ನಂಗೆ ಫೋನ್ ಮಾಡ್ಬೇಡಿ! ಮನೆಗೆ ಬೆಂಕಿ ಬಿದ್ರೂ ಮಾಡ್ಬೇಡಿ!"

ಕರೆ ಕತ್ತರಿಸಿ, ಇನ್ನು ಯಾವ ಕರೆಯೂ ಯಾವ ಸಂದೇಶವೂ ಬರದಂತೆ ಮಾಡಿಟ್ಟ. ಸೀಟು ಹೋಗಿತ್ತು. ಮದುವೆಗೆಂದು ಇಸ್ತ್ರಿ ಮಾಡಿಟ್ಟ ಬಾಟಿಕ್ ಅಂಗಿಯನ್ನು ಚೀಲಕ್ಕೆ ತುರುಕಿ ಎದ್ದ.

"ಎಲ್ಲಿಗೆ?" ಎಂದರು ಬು ರುಸ್ಮಿನಿ.

"ನಿಲ್ದಾಣಕ್ಕೆ. ಸೀಟು ಸಿಕ್ಕಿದ ತಕ್ಷಣ ಹತ್ಬೇಕಲ್ಲ."

"ಒಂದ್ಮಾತು ಹೇಳಿದ್ರೆ ಸಾಕು ಮಾಸ್ ತಿಕ್ನೊ, ನಾನೂ ನೋಡ್ತೀನಿ."

ಅವನು ಆ ಒಂದು ಮಾತನ್ನು ಹೇಳದೆ ಬೈಕ್ ಬಾಡಿಗೆಯವನ ಹಿಂದೆ ಹತ್ತಿ ಕೂತ.

ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೌಂಟರಿನ ಹುಡುಗಿ ಸುತಿಕ್ನೊನ ಮುಖ ನೋಡುವ ಮೊದಲೇ "ಭರ್ತಿ ಪಾ, ಫೋನಲ್ಲೇ ನೋಡ್ತಾ ಇರಿ" ಎಂದಳು. ಫೋನಿನಲ್ಲಿ ನೋಡೋಣವೆಂದರೆ ಬ್ಯಾಟರಿ ಕೊನೆಯುಸಿರು ಎಳೆಯುತ್ತಿತ್ತು. ಗೋಡೆ ಗೋಡೆ ಹುಡುಕಿ, ಕೊನೆಗೆ ಒಂದು ಕಂಬದ ಬುಡದಲ್ಲಿ ಪ್ಲಗ್ ಕಂಡ. ಖಾಲಿ ಇತ್ತು ಎನ್ನುವಂತಿಲ್ಲ. ಇದ್ದದ್ದೇ ಒಂದು, ಅದರಲ್ಲಿ ಆಗಲೇ ತಂತಿಯಿತ್ತು. ತಂತಿಯ ಇನ್ನೊಂದು ತುದಿಯಲ್ಲಿ ಬೆವರಿನಿಂದ ಕೂದಲು ಹಣೆಗೆ ಅಂಟಿದ ಯುವಕನೊಬ್ಬ ನೆಲದ ಮೇಲೆ ಕೂತು ಪರದೆ ಎಳೆದು ಬಿಡುತ್ತಿದ್ದ.

ಆ ಬೆರಳಿನ ಆಟ ನೋಡಿಯೇ ಸುತಿಕ್ನೊನಿಗೆ ಗೊತ್ತಾಯಿತು. "ಸೀಟಾ?"

"ಸೀಟು," ಎಂದ ಯುವಕ. "ಬೆಳಗ್ಗೆ ಟಿಕೆಟ್ ಇತ್ತು ಪಾ. ಗೇಟಿನ ಮುಂದೆ ಬರೋ ಹೊತ್ತಿಗೆ ಸರಿಯಾಗಿ ಫೋನ್ ಸತ್ತೋಯ್ತು. ಟಿಕೆಟ್ ಫೋನೊಳಗೆ, ನಾನು ಗೇಟಿನ ಹೊರಗೆ. ರೈಲು ಹೋಗೇಬಿಡ್ತು. ಹಳೇ ಫೋನು, ಒಂದ್ಸಲ ಸತ್ರೆ ಎಷ್ಟೋ ಹೊತ್ತು ಏಳಲ್ಲ."

"ಅಯ್ಯೋ ಪಾಪ. ಅರ್ಜೆಂಟಾ?"

"ಸ್ವಲ್ಪ ಅರ್ಜೆಂಟು. ನಿಮಗೆ?"

"ನಂಗೂ ಸ್ವಲ್ಪ ಅರ್ಜೆಂಟು."

ತಿಂಗಳು ತಪ್ಪಿದ ಟಿಕೆಟ್ಟಿನ ಕತೆಯನ್ನು ಗುರುತಿಲ್ಲದವನಿಗೆ ಹೇಳಲು ಸುತಿಕ್ನೊನಿಗೆ ಮನಸ್ಸಾಗಲಿಲ್ಲ. ಯುವಕನೂ ಮುಂದೇನೂ ಹೇಳಲಿಲ್ಲ. ಇಬ್ಬರೂ ಕಂಬಕ್ಕೆ ಒರಗಿ ಕೂತರು. ಸರದಿಯಂತೆ ಪ್ಲಗ್ ಹಂಚಿಕೊಳ್ಳುವುದೆಂದು ಒಪ್ಪಂದವಾಯಿತು. ಸುತಿಕ್ನೊ ಚೀಲದಿಂದ ಬಾಳೆಲೆಯಲ್ಲಿ ಸುತ್ತಿದ ಅನ್ನದ ಉಂಡೆ ತೆಗೆದು ಒಂದನ್ನು ಕೊಟ್ಟ. ಯುವಕ ಎರಡೂ ಕೈಯಲ್ಲಿ ತೆಗೆದುಕೊಂಡು, ತಲೆಬಾಗಿ, ಎರಡೇ ಬಾಯಿಗೆ ಮುಗಿಸಿದ.

ಸ್ನೇಹ ಅಲ್ಲಿಗೆ ನಿಂತಿತು. ಯಾಕೆಂದರೆ ಆಗಲೇ ಒಂದು ಸೀಟು ಕಾಣಿಸಿತು.

ಇಬ್ಬರೂ ಒಟ್ಟಿಗೇ ಒತ್ತಿದರು. ಇಬ್ಬರಿಗೂ ಸಿಗಲಿಲ್ಲ.

"ನೀವೂ ಇದೇ ರೈಲಿಗಾ ಪಾ?"

"ಹೂಂ. ನೀನೂನಾ?"

ಮುಂದಿನ ನಾಲ್ಕೈದು ಗಂಟೆ ಹೀಗೇ ನಡೆಯಿತು. ಯುವಕನ ಬೆರಳು ಹಲ್ಲಿಯ ನಾಲಗೆಯಂತೆ ಚುರುಕಾಗಿತ್ತು. ಆದರೆ ಅವನ ಫೋನ್ ಮುದುಕ. ಸುತಿಕ್ನೊನ ಫೋನ್ ಹೊಸದು, ಬೆರಳು ಮುದುಕ. ಸೀಟು ಬಂದಾಗಲೆಲ್ಲ ಕಂಬದ ಬುಡದಿಂದ ಎರಡು ನರಳಾಟ ಒಟ್ಟಿಗೆ ಕೇಳಿಬರುತ್ತಿತ್ತು. ಹಾದುಹೋಗುವವರು ಯಾರಿಗೋ ಹೊಟ್ಟೆನೋವೆಂದು ತಿರುಗಿ ನೋಡುತ್ತಿದ್ದರು.

"ಹಿರಿಯರು ಅಂತ ಒಂದ್ಸಲನಾದ್ರೂ ಬಿಟ್ಕೊಡಬಾರ್ದಾ ತಮ್ಮಾ?"

"ಬೇರೆ ಯಾವ ದಿನ ಆಗಿದ್ರೂ ಬಿಡ್ತಿದ್ದೆ ಪಾ. ಇವತ್ತು ಮಾತ್ರ ಕೇಳ್ಬೇಡಿ."

ಸಂಜೆಯ ರೈಲು ಹೊರಡಲು ಇನ್ನು ಹೆಚ್ಚು ಹೊತ್ತಿರಲಿಲ್ಲ. ಯುವಕ ಎದ್ದ. "ಶೌಚಾಲಯಕ್ಕೆ ಹೋಗಿ ಬರ್ತೀನಿ. ಫೋನ್ ಈಗಷ್ಟೇ ಚಾರ್ಜಿಗೆ ಹಾಕಿದೀನಿ, ಸ್ವಲ್ಪ ನೋಡ್ಕೊಂಡಿರ್ತೀರಾ?"

"ಹೋಗ್ಬಾ, ಹೋಗ್ಬಾ. ನಾನಿದೀನಲ್ಲ."

ಅವನು ಹೋದ. ಸುತಿಕ್ನೊ ತನ್ನ ಫೋನ್ ನೋಡಿದ. ಬ್ಯಾಟರಿಯ ಗುರುತು ಕೆಂಪಾಗಿ, ಒಂದು ಕೂದಲೆಳೆಯಷ್ಟು ಉಳಿದಿತ್ತು. ಪ್ಲಗ್ ನೋಡಿದ. ಸರದಿ ಯುವಕನದು. ಅಣ್ಣನ ಮುಖ ನೆನಪಾಯಿತು, ಅತ್ತಿಗೆಯದು, ಅಜೆಂಗಳದು. ಬು ರುಸ್ಮಿನಿಯದೂ ನೆನಪಾಯಿತು. ಎರಡೇ ನಿಮಿಷ ಎಂದು ತನಗೆ ತಾನೇ ಹೇಳಿಕೊಂಡು ಯುವಕನ ತಂತಿ ಕಿತ್ತು ತನ್ನದನ್ನು ಚುಚ್ಚಿದ.

ಪರದೆ ಎಳೆದು ಬಿಟ್ಟ. ಎಂಟನೇ ಬೋಗಿಯಲ್ಲಿ ಒಂದು ಸೀಟು.

ಒತ್ತಿದ. ಹಿಡಿಯಿತು. ಹೆಸರು ಹೋಯಿತು. ಸಿಗ್ನಲ್ ದೀಪ ಕೇಳಿತು. ಕಂಬ ಬಿಟ್ಟು ದೀಪ ಮಾತ್ರ ಒತ್ತಿದ, ಒಪ್ಪಿತು. ಹಣ ಹೋಯಿತು. ಪರದೆ ಹಸಿರಾಯಿತು. ಟಿಕೆಟ್!

ಮೂವತ್ತು ವರ್ಷದಲ್ಲಿ ತೆರೆದ ಬೀಗಗಳೆಲ್ಲ ಒಟ್ಟಿಗೆ ಕ್ಲಿಕ್ಕೆಂದಂತಾಯಿತು ಅವನಿಗೆ. ಎದ್ದು ನಿಂತು ಫೋನನ್ನು ಎದೆಗೆ ಒತ್ತಿಕೊಂಡ. ಯುವಕ ವಾಪಸು ಬಂದದ್ದು ಆಗ.

"ಸಿಕ್ತಾ ಪಾ?"

"ಸಿಕ್ತು! ನಾನೇ ಹಿಡಿದೆ! ಈ ಬೆರಳಲ್ಲಿ!"

"ಒಳ್ಳೇದಾಯ್ತು," ಎಂದ ಯುವಕ, ಮತ್ತು ನಿಜವಾಗಿ ನಕ್ಕ. ಆಮೇಲೆ ಬಗ್ಗಿ ತನ್ನ ಫೋನ್ ಎತ್ತಿಕೊಂಡ. ಗುಂಡಿ ಒತ್ತಿದ. ಮತ್ತೆ ಒತ್ತಿದ. ಪರದೆ ಕಪ್ಪಾಗಿಯೇ ಇತ್ತು. ನೆಲದ ಮೇಲೆ ಬಿದ್ದಿದ್ದ ತನ್ನ ತಂತಿಯನ್ನು ನೋಡಿದ. ಪ್ಲಗ್ಗಿನಲ್ಲಿದ್ದ ತಂತಿಯನ್ನು ನೋಡಿದ. ಸುತಿಕ್ನೊನನ್ನು ನೋಡಿದ. ಕಂಬಕ್ಕೆ ಒರಗಿ ಮೆಲ್ಲನೆ ಕೆಳಗೆ ಕೂತ.

ಅವನು ಬೈದಿದ್ದರೆ ಚೆನ್ನಾಗಿತ್ತು. ಸುತಿಕ್ನೊ ತನ್ನ ತಂತಿ ತೆಗೆದು, ಅವನದನ್ನು ಚುಚ್ಚಿ, "ಈಗ ಎದ್ದೇಳುತ್ತೆ" ಎಂದು ಯಾರಿಗೋ ಎಂಬಂತೆ ಹೇಳಿ, ನಾಲ್ಕು ಹೆಜ್ಜೆ ಆಚೆಗೆ ಹೋಗಿ ಯಾತ್ಮಿಗೆ ಫೋನ್ ಮಾಡಿದ.

"ಯಾತ್ಮಿ, ಸೀಟು ಸಿಕ್ತು ಕಣೇ! ಎಂಟನೇ ಬೋಗಿ! ನಿಲ್ದಾಣದಲ್ಲಿ ಪಕ್ಕದಲ್ಲೊಬ್ಬ ಹುಡುಗ ಬಿಡ್ಲೇ ಇಲ್ಲ, ಅವನನ್ನೂ ಸೋಲಿಸಿ ತಗೊಂಡೆ!"

ಆಚೆಯಿಂದ ಅಳು ಕೇಳಿಸಿತು. "ಸಿಕ್ಕಿ ಏನು ಭಾಗ್ಯ! ಮಧ್ಯಾಹ್ನದಿಂದ ನಿಮಗೆ ಎಷ್ಟು ಸಲ ಮಾಡಿದೆ, ಎಷ್ಟು ಬರೆದು ಹಾಕಿದೆ! ಬೆಂಕಿ ಬಿದ್ರೂ ಮಾಡ್ಬೇಡಿ ಅಂದು ಕೂತ್ರಲ್ಲ!"

"ಯಾಕೆ? ಏನಾಯ್ತು?"

"ಮದುಮಗನೇ ಬಂದಿಲ್ಲ! ಬೆಳಗ್ಗೆ ರೈಲು ತಪ್ಪೋಯ್ತು, ಇನ್ನೊಂದು ಸೀಟು ಹುಡುಕ್ತಿದೀನಿ ಅಂತ ಅಜೆಂಗ್‌ಗೆ ಹೇಳಿದ್ನಂತೆ. ಈಗ ಅವನ ಫೋನೂ ಸತ್ತಿದೆ. ಹುಡುಗಿ ಬಾಗಿಲು ಹಾಕ್ಕೊಂಡು ಕೂತಿದಾಳೆ. ರೀ, ನೀವು ಅದೇ ನಿಲ್ದಾಣದಲ್ಲಿದೀರಲ್ಲ, ಸ್ವಲ್ಪ ಹುಡುಕಿ. ಯಾವ್ದೋ ಕಂಬದ ಹತ್ರ ಚಾರ್ಜಿಗೆ ಹಾಕ್ಕೊಂಡು ಕೂತಿದೀನಿ ಅಂದಿದ್ನಂತೆ."

ಸುತಿಕ್ನೊ ತಿರುಗಲಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಮದುಮಗನ ಚಿತ್ರ ನೋಡಿದ್ದ. ರಾಜನ ಉಡುಪು, ಸೊಂಟದಲ್ಲಿ ಕಠಾರಿ, ಮುಖಕ್ಕೆ ಬೆರಳು ದಪ್ಪದ ಪೌಡರು. ಆ ಪೌಡರನ್ನೆಲ್ಲ ಮನಸ್ಸಿನಲ್ಲೇ ಒರೆಸಿ, ಹಣೆಗೆ ಬೆವರು ಹಚ್ಚಿ, ಕೂದಲು ಅಂಟಿಸಿದ. ಆಮೇಲೆ ತಿರುಗಿದ.

"ತಮ್ಮಾ, ನಿನ್ನ ಹೆಸರೇನು?"

"ಗಲಿಹ್, ಪಾ."

ಸುತಿಕ್ನೊ ನಿಧಾನವಾಗಿ ಅವನ ಪಕ್ಕ ಕೂತ. "ನಾನು ಅಜೆಂಗಳ ಚಿಕ್ಕಪ್ಪ."

ಗಲಿಹ್ ಗಡಬಡಿಸಿ ಎದ್ದು, ಅವನ ಕೈಯನ್ನು ಹಣೆಗೆ ಒತ್ತಿಕೊಂಡ. ತಂತಿ ಕಿತ್ತ ಅದೇ ಕೈ.

"ಮದುವೆ ಅಂತ ಯಾಕಪ್ಪಾ ಬಾಯಿ ಬಿಡ್ಲಿಲ್ಲ?"

"ಮದುಮಗನೇ ರೈಲು ತಪ್ಪಿಸ್ಕೊಂಡ ಅಂತ ಯಾರ ಹತ್ರ ಹೇಳೋದು ಚಿಕ್ಕಪ್ಪ? ನೀವೂ ಹೇಳ್ಲಿಲ್ಲ."

ಸುತಿಕ್ನೊ ಎದ್ದ. ಅವನ ರಟ್ಟೆ ಹಿಡಿದು ಕೌಂಟರಿಗೆ ಎಳೆದುಕೊಂಡು ಹೋದ. ಟಿಕೆಟ್ಟಿಗೆ ಇನ್ನೊಂದು ಹೆಸರು ಸೇರಿಸಿ ಎಂದ, ಹುಡುಗನನ್ನು ನಿಲ್ಲಿಸಿಕೊಂಡಾದರೂ ಕರೆದುಕೊಂಡು ಹೋಗುತ್ತೇನೆ ಎಂದ, ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ ಎಂದೂ ಹೇಳಿದ.

"ತೊಡೆ ಮೇಲೆ ಮೂರು ವರ್ಷದೊಳಗಿನವರು ಮಾತ್ರ ಪಾ," ಎಂದಳು ಹುಡುಗಿ, ಗಲಿಹ್‌ನ ಮೀಸೆ ನೋಡುತ್ತ. "ಹೆಸರೂ ಬದಲಾಗಲ್ಲ. ನಿಮ್ಮ ರೈಲು ಬಂತು, ಫೋನ್ ತೋರಿಸಿ ಒಳಗೆ ಹೋಗಿ."

ಗೇಟಿನ ಮುಂದೆ ಇಬ್ಬರೂ ನಿಂತರು. ಗಲಿಹ್‌ನ ಫೋನ್ ಇನ್ನೂ ಹೆಣದಂತೆ ಮಲಗಿತ್ತು. ರಾತ್ರಿಯೊಳಗೆ ಕೆಬುಮೆನ್ ಕಡೆಗೆ ಇನ್ನೂ ಎರಡು ರೈಲುಗಳಿದ್ದವು, ಅವನ್ನು ಹಿಡಿಯಲು ಇಬ್ಬರ ನಡುವೆ ಉಸಿರಾಡುತ್ತಿದ್ದದ್ದು ಒಂದೇ ಫೋನು. ಅದು ಗೇಟಿನೊಳಗೆ ಹೋದರೆ ಚಿಕ್ಕಪ್ಪನಿಗೆ ಸೀಟು. ಹೊರಗೆ ಉಳಿದರೆ ಮದುಮಗನಿಗೊಂದು ದಾರಿ.

"ನೀವು ಹೋಗಿ ಚಿಕ್ಕಪ್ಪ. ನೀವಿಲ್ದೆ ಮದುವೆ ಆಗಲ್ಲ."

"ಹೋಗಿ ಯಾರ ಕೈ ಹಿಡೀಲಿ? ಆಮಂತ್ರಣ ಪತ್ರಿಕೇದಾ?"

ಸೀಟಿ ಕೂಗಿತು. ರೈಲು ಹೊರಟಿತು. ಆ ಸಂಜೆ ಇಡೀ ಜಾವಾದಲ್ಲಿ ಖಾಲಿ ಹೋದ ಸೀಟು ಬಹುಶಃ ಅದೊಂದೇ. ಎಂಟನೇ ಬೋಗಿಯಲ್ಲಿ, ಕಿಟಕಿಯ ಪಕ್ಕ, ಸುತಿಕ್ನೊ ಎಂಬ ಹೆಸರಿನಲ್ಲಿ ಅದು ಕೆಬುಮೆನ್‌ಗೆ ಹೋಯಿತು.

ಕೊನೆಯ ಬೋಗಿಯ ಕೆಂಪು ದೀಪ ಮರೆಯಾಗುವವರೆಗೂ ಇಬ್ಬರೂ ನೋಡಿದರು. ಆಮೇಲೆ ಸುತಿಕ್ನೊ ಫೋನನ್ನು ಗಲಿಹ್‌ನ ಕೈಗಿಟ್ಟ.

"ಹಿಡಿ. ನಿನ್ನ ಬೆರಳು ಚುರುಕು," ಎಂದ. "ಈಗ ಎರಡು ಬೇಕು."